ಪಾಲಿಶ್ ಕಾಕಾ ಕಂಡ ಗೀರುಗಳು

ಮಷೀನು ನಿಲ್ಲಿಸಿದ ಮೇಲೂ ಅವರ ಬಲಗೈ ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತಿತ್ತು. ಕಪ್ಪು ಹಿಡಿದರೆ ಅರ್ಧ ಚಹಾ ಬಸಿಗೆ ಇಳಿಯುತ್ತಿತ್ತು. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು, ಎಲ್ಲಕ್ಕೂ ಪಾಲಿಶ್ ಕಂಪೌಂಡಿನ ಬಿಳಿ ಪುಡಿ ಮೆತ್ತಿರುತ್ತಿತ್ತು. ಅದನ್ನು ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ನಿಂತೇ ಚಹಾ ಕುಡಿದು, ಕಪ್ಪು ಕೈಯಲ್ಲಿರುವಾಗಲೇ ಮತ್ತೆ ಕಾರಿನ ಬಾನೆಟ್ಟಿನ ಮೇಲೆ ಬಾಗುತ್ತಿದ್ದರು.

ಕೊಪ್ಪಳದ ಕುಷ್ಟಗಿ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಪಕ್ಕದ ಮಳಿಗೆ ನನ್ನದು. ನಾನು ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತೇನೆ. ಮಳಿಗೆ ಹಾಕಿದ ಹೊಸತರಲ್ಲಿ ಗಿರಾಕಿಗಳು ಹೆಂಗಸೊಬ್ಬಳೇ ಕೂತಿದ್ದನ್ನು ಕಂಡು ಬಾಗಿಲಲ್ಲೇ ನಿಂತು ಯಾರಾದರೂ ಗಂಡಸರಿದ್ದಾರೆಯೇ ಎಂದು ಅತ್ತಿತ್ತ ನೋಡುತ್ತಿದ್ದರು. ಶೆಡ್ಡಿನೊಳಗಿಂದ ಕೂಗು ಬರುತ್ತಿತ್ತು: "ಒಳಗ ಹೋಗ್ರಿ, ಹೊಲಿಯೋರು ಆಕೀನ!" ಊರಿಗೆಲ್ಲ ಅವರು ಪಾಲಿಶ್ ಕಾಕಾ. ನನಗೆ ಬರೀ ಕಾಕಾ.

ಕಾರಿನ ಬಣ್ಣದ ಮೇಲೆ ಗಾಜಿನಂಥ ತೆಳ್ಳನೆಯ ಪದರವೊಂದು ಇರುತ್ತದೆ. ಒರಟು ಬಟ್ಟೆಯಿಂದ ಒರೆಸಿ ಒರೆಸಿ ಅದರ ಮೇಲೆ ಜೇಡರ ಬಲೆಯಂಥ ಗೀರುಗಳು ಏಳುತ್ತವೆ. ನಮ್ಮ ಬೋರಿನ ಸವಳು ನೀರಿನ ಕಲೆ ಬಿಸಿಲಿಗೆ ಸುಟ್ಟುಕೊಂಡು ಕೂರುತ್ತದೆ. ಗಂಗಾವತಿ ಕಡೆಯ ಕಾರಾದರೆ ರೈಸ್‌ಮಿಲ್ಲಿನ ಬೂದಿ ಬೇರೆ. ಆ ಪದರವನ್ನೇ ಕೂದಲೆಳೆಗಿಂತ ಕಡಿಮೆ ಸವೆಸಿ ಗೀರು ಅಳಿಸುವುದು ಕಾಕಾ ಅವರ ಕೆಲಸ. ಕೈ ಸ್ವಲ್ಪ ಹೆಚ್ಚಾದರೆ ಪದರವೇ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ.

ಹೀಗಾಗಿ ಯಾವ ಕಾರಿಗೆ ಯಾವ ಪ್ಯಾಡು, ಯಾವ ಕಂಪೌಂಡು, ಯಾವ ಮಷೀನು ಎಂಬ ಚಡಪಡಿಕೆಯಲ್ಲೇ ಅವರ ದಿನ ಕಳೆಯುತ್ತಿತ್ತು. ಬಾನೆಟ್ಟಿನ ಮೇಲೆ ಅಂಗೈಯಗಲ ಜಾಗಕ್ಕೆ ಸುತ್ತ ಟೇಪು ಹಚ್ಚಿ, ಮೊದಲು ಎಲ್ಲಕ್ಕಿಂತ ಮೆತ್ತನೆಯ ಫೋಮಿನ ಪ್ಯಾಡು, ಎಲ್ಲಕ್ಕಿಂತ ನುಣುಪಾದ ಕಂಪೌಂಡು ಹಾಕಿ ನೋಡುತ್ತಿದ್ದರು. ಸಾಲದಿದ್ದರೆ ಕಂಪೌಂಡು ಬದಲಿಸುವುದು, ಆಮೇಲೆ ಪ್ಯಾಡು. ಬೇಗ ಕೊರೆಯುವ ರೋಟರಿ ಮಷೀನು, ಅದರ ಉಣ್ಣೆಯ ಪ್ಯಾಡು ಕಟ್ಟಕಡೆಗೆ. "ಮೆತ್ತಂದ್ರಾಗ ಆಗೋ ಕೆಲಸಕ್ಕ ಉಣ್ಣಿ ಯಾಕ ಬೇಕು?" ಎನ್ನುತ್ತಿದ್ದರು. ಎನ್ನುತ್ತಲೇ ಕಾರಿನ ಸುತ್ತ ತಿರುಗುತ್ತಿದ್ದರು. ಅವರು ಕೂತಿದ್ದನ್ನು ನಾನು ಕಂಡದ್ದು ಕಡಿಮೆ.

ಕೆಲಸ ಮುಗಿಯುವ ಹೊತ್ತಿಗೆ ನನ್ನನ್ನು ಕರೆಯುವುದು ರೂಢಿ. "ಯವ್ವಾ, ಸೂಜಿ ಪೋಣಸೋ ಕಣ್ಣು ನಿನ್ನವು, ಒಂದೀಟು ಬಂದು ನೋಡಬೇ." ನಾನು ನೋಡಿ ಹೇಳುತ್ತಿದ್ದೆ, ಅವರು ನಂಬುತ್ತಿದ್ದರು.

ಒಂದು ವರ್ಷ ಇದೆಲ್ಲ ತಪ್ಪತೊಡಗಿತು. "ಗೀರು ಹೋಗ್ಯಾವ ಕಾಕಾ" ಎಂದರೆ, "ಇಲ್ಲ, ಅದಾವ. ಸುತ್ತಸುತ್ತ ಅದಾವ ನೋಡು" ಎಂದು ಲೈಟು ಹಿಡಿದು ತೋರಿಸುತ್ತಿದ್ದರು. ನನಗೇನೂ ಕಾಣುತ್ತಿರಲಿಲ್ಲ. ಅವರು ಅನುಭವಸ್ಥರು, ನನಗೆ ನೋಡಲು ಬರುವುದಿಲ್ಲವೇನೋ ಎಂದುಕೊಂಡೆ. ಪ್ಯಾಡು ತೆಗೆದು ಪ್ಯಾಡು ಹಾಕುತ್ತಿದ್ದರು. ಹೊಸ ಹೊಸ ಕಂಪೌಂಡು ತರಿಸುತ್ತಿದ್ದರು. ಒಂದು ದಿನ ನೋಡಿದರೆ, ಟೇಪಿಲ್ಲ, ಫೋಮಿಲ್ಲ, ಶುರುವಿಗೇ ಉಣ್ಣೆಯ ಪ್ಯಾಡು ಹಾಕಿ ರೋಟರಿ ಹಚ್ಚಿದ್ದರು.

ಕುಷ್ಟಗಿಯ ದಾಳಿಂಬೆ ತೋಟದವರ ಕೆಂಪು ಕಾರು ಅದು. ಬಾಗಿಲಿನ ಅಂಚಿನಲ್ಲಿ ಮಷೀನು ನಿಂತು ಪದರವೂ ಬಣ್ಣವೂ ಸವೆದು ಕೆಳಗಿನ ಬಿಳಿ ಕಂಡಿತು. ಕಾಕಾ ಆಗಲೇ ಫೋನು ಮಾಡಿ, "ನಿಮ್ಮ ಕಾರು ನನ್ನ ಕೈಯಾಗ ಕೆಟ್ಟೈತ್ರಿ, ಬಣ್ಣ ಹೊಡಿಸಿ ಕೊಡ್ತೀನಿ" ಎಂದರು. ಫೋನು ಇಟ್ಟು ಕೆಳಗೆ ಕುಕ್ಕುರುಗಾಲಿನಲ್ಲಿ ಕೂತರು. ಅವರು ಕೂತದ್ದನ್ನು ಕಂಡೇ ನನಗೆ ಹೆದರಿಕೆಯಾಯಿತು. ಶೆಡ್ಡಿನ ಮಾಡಿಗೆ ನೇತಾಡುತ್ತಿದ್ದ ಬಲ್ಬಿನತ್ತ ಕೈ ತೋರಿಸಿದೆ.

"ಕಾಕಾ, ಆ ಬಲ್ಬು ಹೆಂಗ ಕಾಣತೈತಿ?"

"ಹೆಂಗ ಅಂದ್ರ? ಸುತ್ತಲೂ ಬಳಿ ತೊಡಿಸಿದಂಗ."

ನಮ್ಮವ್ವನೂ ಕಣ್ಣಿನ ಪೊರೆ ತೆಗೆಸುವ ಮುಂಚೆ ಇದೇ ಮಾತು ಹೇಳಿದ್ದಳು. "ಗೀರು ಕಾರಿನ ಮ್ಯಾಲಿಲ್ಲ ಕಾಕಾ," ಅಂದೆ. "ನಿಮ್ಮ ಕಣ್ಣಾಗ ಅದಾವ."

ಅವರಿಗೆ ಕೆಂಡದಂಥ ಸಿಟ್ಟು ಬಂತು. "ನೀ ನಿನ್ನ ರೆಕ್ಸಿನ್ ಹೊಲಿಯೋಗು" ಅಂದುಬಿಟ್ಟರು. ಆಮೇಲೆ ಎಷ್ಟೋ ದಿನ ನನ್ನನ್ನು ಕಾರು ನೋಡಲು ಕರೆಯಲಿಲ್ಲ. ಶೆಡ್ಡಿನಲ್ಲಿ ಮಷೀನಿನ ಸದ್ದೂ ಇಲ್ಲ. ಅತ್ತಿಂದಿತ್ತ ಓಡಾಡುವ ಚಪ್ಪಲಿಯ ಸದ್ದು ಮಾತ್ರ ಗೋಡೆಯಾಚೆ ಕೇಳುತ್ತಿತ್ತು, ನನ್ನ ಹೊಲಿಗೆ ಸೊಟ್ಟಗಾಗುತ್ತಿತ್ತು. ಕೊನೆಗೊಂದು ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಬಾಗಿಲಿಗೆ ಬಂದು, "ನಡಿಬೇ, ಕಣ್ಣಿನ ದವಾಖಾನಿ ಎಲ್ಲೈತಿ ತೋರಸು" ಎಂದರು.

ಪೊರೆ ತೆಗೆದರು. ಒಂದೆರಡು ವಾರದಲ್ಲಿ ಕಾಕಾ ಹೊಸ ಚಡಪಡಿಕೆ ಹಚ್ಚಿಕೊಂಡರು. ಕಣ್ಣು ಮಂಜಾಗಿದ್ದ ದಿನಗಳಲ್ಲಿ ಎಷ್ಟು ಕಾರು ಕೆಡಿಸಿದೆನೋ, ಎಲ್ಲವನ್ನೂ ಹೋಗಿ ನೋಡಬೇಕು ಎಂಬುದು. ಡಾಕ್ಟರು ಧೂಳು ಬೇಡ ಅಂದಿದ್ದಾರಲ್ಲ ಎಂದರೆ, "ಧೂಳಿನಾಗ ಕೆಲಸ ಮಾಡಬ್ಯಾಡ ಅಂದಾರ. ಕಾರು ನೋಡಬ್ಯಾಡ ಅಂದಿಲ್ಲ." ಕಪ್ಪು ಕನ್ನಡಕ ಹಾಕಿಕೊಂಡು ಗಂಗಾವತಿಗೆ, ಯಲಬುರ್ಗಾಕ್ಕೆ ಬಸ್ಸು ಹತ್ತಿ ಹೋಗಿ ಬಂದರು. ತಳಕಲ್ಲಿಗೆ ನಾನೇ ನನ್ನ ಸ್ಕೂಟಿಯಲ್ಲಿ ಕರೆದುಕೊಂಡು ಹೋದೆ.

ಅಲ್ಲಿ ಕುರಿ ವ್ಯಾಪಾರ ಮಾಡುವವರ ಮನೆಯಂಗಳದಲ್ಲಿ ಕಪ್ಪು ಕಾರು ನಿಂತಿತ್ತು. ಬಿಸಿಲು ಬಿದ್ದ ಕಡೆ ಉಣ್ಣೆಯ ಪ್ಯಾಡು ಸುತ್ತಿದ ದಾರಿಯೆಲ್ಲ ಎಣ್ಣೆ ತೇಲಿದಂತೆ ಅಲೆಅಲೆಯಾಗಿ ಕಾಣುತ್ತಿತ್ತು. ಈ ಸಲ ನನಗೂ ಕಂಡಿತು.

ಯಜಮಾನರು ನಕ್ಕರು. "ಮಸ್ತ್ ಹೊಳೀತೈತಿ ಬಿಡ್ರಿ ಕಾಕಾ. ನಮಗೇನೂ ಕಾಣವಲ್ದು."

"ನಿಮಗ ಕಾಣವಲ್ದು. ನನಗ ಕಾಣತೈತಲ್ರಿ."

ಚೀಲದಿಂದ ನಿಧಾನದ ಮಷೀನು ತೆಗೆದು, ಮೆತ್ತನೆಯ ಪ್ಯಾಡು ಹಾಕಿ, ಕಂಪೌಂಡನ್ನೂ ಹನಿಸಿದರು. ಆಮೇಲೆ ಪದರದ ದಪ್ಪ ಅಳೆಯುವ ಮೀಟರನ್ನು ಬಾನೆಟ್ಟಿನ ಉದ್ದಕ್ಕೂ ಇಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಮಷೀನು ಹಿಡಿದ ಕೈ ಮುಂದೆ ಹೋಗುವುದು, ಹಿಂದೆ ಬರುವುದು. ಕಡೆಗೆ ಪ್ಯಾಡು ಕಿತ್ತು ಚೀಲಕ್ಕೆ ಹಾಕಿದರು.

"ಇನ್ನ ಹಚ್ಚಿದ್ರ ಪದರ ಉಳಿಯಂಗಿಲ್ರಿ. ತಿನ್ನೋದೆಲ್ಲ ನಾನ ತಿಂದೀನಿ. ಇನ್ಮ್ಯಾಲೆ ಯಾರು ಪಾಲಿಶ್ ಮಾಡ್ತೀನಿ ಅಂದ್ರೂ ಮಾಡಸಬ್ಯಾಡ್ರಿ. ನಾ ಬಂದು ಕೇಳಿದ್ರೂ ಮಾಡಸಬ್ಯಾಡ್ರಿ."

ಬಟ್ಟೆಯಿಂದ ಕೈಯಲ್ಲೇ ಮೇಣ ತೀಡಿ ಕೊಟ್ಟರು. ಹಿಂತಿರುಗುವಾಗ ಸ್ಕೂಟಿಯ ಹಿಂದೆ ಕೂತು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು, ಗಾಡಿ ವಾಲುತ್ತಿತ್ತು. "ನೆಟ್ಟಗ ಕೂಡ್ರಿ ಕಾಕಾ" ಎಂದೆ.

"ಗೀರು ಕಂಡೂ ಬಿಟ್ಟು ಬಂದ್ನಲ್ಲಬೇ," ಎಂದರು.

ಮರುದಿನವೇ ನನ್ನನ್ನು ಕರೆದು ಕೈಗೆ ಮಷೀನು ಕೊಟ್ಟರು. "ಇನ್ನ ಬರೇ ನೋಡಿದ್ರ ಸಾಲಂಗಿಲ್ಲ. ಕಲಿ. ನಾ ತಪ್ಪಿದಾಗ ನನ್ನ ಕೈಯಾಂದ ಕಸ್ಕೊಳ್ಳೋರು ಒಬ್ಬರು ಬೇಕು." ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಕಲಿತೆ. ಹಳೆಯ ಬಾಗಿಲುಗಳ ಮೇಲೆ ಪದರ ಸುಟ್ಟು ಸುಟ್ಟು ಕಲಿತೆ.

ಮುಂದಿನ ಬೇಸಿಗೆಗೆ ಕಾಕಾ ಹೋದರು. ಎದೆ ಹಿಡಿದುಕೊಂಡಿತೆಂದು ದವಾಖಾನೆಗೆ ಸೇರಿಸಿದ್ದರು. ಕಡೆಯ ದಿನವೂ ಹೊದಿಕೆಯ ತುದಿಯಿಂದ ಮಂಚದ ಸ್ಟೀಲಿನ ಕಂಬಿ ತಿಕ್ಕುತ್ತಲೇ ಇದ್ದರಂತೆ. ಅವರ ಹೆಂಡತಿ ಹೇಳಿದರು: "ಸುಮ್ಮ ಮಕ್ಕೋರಿ ಅಂದ್ರ, ಇಲ್ಲೊಂದು ಕಲೆ ಐತಿ ತಡಿ ಅಂದ್ರವ್ವಾ."

ಈಗ ನಡುವಿನ ಗೋಡೆ ಒಡೆದು ಎರಡೂ ಕೆಲಸ ನಾನೇ ಮಾಡುತ್ತೇನೆ. ಕಾರು ಒಪ್ಪಿಸುವ ಮುಂಚೆ ಮಾಲೀಕರನ್ನು ಬಿಸಿಲಿಗೆ ಕರೆದು ತೋರಿಸುತ್ತೇನೆ: "ಇಲ್ಲೊಂದು ಗೀರು ಉಳದೈತ್ರಿ. ತಗದ್ರ ಪದರ ಹೋಗತೈತಂತ ಬಿಟ್ಟೀನಿ." ಕೆಲವರು ಮುಖ ಸಿಂಡರಿಸುತ್ತಾರೆ. ಕಣ್ಣಿಗೆ ಬೀಳದ್ದನ್ನು ತೋರಿಸಿ ಯಾಕೆ ಗಿರಾಕಿ ಕೆಡಿಸಿಕೊಳ್ಳುತ್ತೀ ಎಂದು ಮನೆಯವರೂ ಬೈಯುತ್ತಾರೆ. ಆದರೂ ಹೇಳದೆ ಕೀಲಿಕೈ ಕೊಡಲು ನನ್ನಿಂದ ಆಗುವುದಿಲ್ಲ.