ಬಸ್ಸಿನಲ್ಲಿ ಉಳಿದ ಮೂರನೆಯ ಭಾಗ

ಪುಸ್ತಕದ ಮೂರನೆಯ ಭಾಗವನ್ನು ಅವ್ವ ನಿಜವಾಗಿಯೂ ಬಸ್ಸಿನಲ್ಲಿ ಬಿಟ್ಟು ಬಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಸಂಜೆ ನಾನು ಮನೆಯಲ್ಲೇ ಇದ್ದೆ ಎಂದು ನನ್ನ ನೆನಪು ಹೇಳುತ್ತದೆ. ಅವ್ವ ಚಪ್ಪಲಿ ಬಿಡುತ್ತ "ಬಸ್ಸಿನ್ಯಾಗ ಬಿಟ್ಟು ಬಂದ್ನಲ್ಲ" ಅಂದದ್ದು, ಅವಳ ಚೀಲದ ಬಾಯಿ ತೆರೆದೇ ಇದ್ದದ್ದು, ಎರಡೂ ಕಣ್ಣಿಗೆ ಕಟ್ಟಿದಂತಿವೆ. ಆದರೆ ಅಕ್ಕನ ಪ್ರಕಾರ ನಾನಾಗ ಹೊರಗೆ ಕ್ರಿಕೆಟ್ ಆಡುತ್ತಿದ್ದೆ, ಇದೆಲ್ಲವನ್ನೂ ನನಗೆ ಹೇಳಿದವಳು ಅವಳೇ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು, ಈಗ ಅದನ್ನೇ ಕಲಿಸುವವನು. ಒಬ್ಬನೇ ಸಾಕ್ಷಿ, ಅವನೂ ಆಗ ಎಂಟು ವರ್ಷದ ಹುಡುಗ, ಹೇಳಿಕೆ ಕೊಡುತ್ತಿರುವುದು ಸುಮಾರು ನಲವತ್ತು ವರ್ಷಗಳ ನಂತರ. ಇಂಥ ಆಕರವನ್ನು ಯಾವ ವಿದ್ಯಾರ್ಥಿಯಾದರೂ ತಂದರೆ ನಾನೇ ವಾಪಸು ಕಳಿಸುತ್ತೇನೆ.

ಹಾಗಾಗಿ ಅಕ್ಕನೂ ನಾನೂ ಜಗಳವಿಲ್ಲದೆ ಒಪ್ಪುವ ಸಂಗತಿಗಳಿಂದ ಶುರು ಮಾಡುತ್ತೇನೆ.

ನಾವಿದ್ದದ್ದು ಸಿಕಂದರಾಬಾದಿನ ಆಚೆ, ಕುಷಾಯಿಗೂಡದಲ್ಲಿ. ಅಪ್ಪನಿಗೆ ಅಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ. ಅವ್ವ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷ್ ಟೈಪಿಸ್ಟ್. ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಬೇಕು. ಆ ದಾರಿ ಸವೆಸಲು ಅವಳಿಗೊಂದು ಪುಸ್ತಕ ಬೇಕಿತ್ತು. ನಾಂಪಲ್ಲಿಯಲ್ಲಿ ಪ್ರತಿ ಜನವರಿ ನಡೆಯುವ ಎಕ್ಸಿಬಿಷನ್ನಿನಲ್ಲಿ, ಮಾರಾಟವಾಗದ ವಿದೇಶಿ ಪುಸ್ತಕಗಳನ್ನು ರಾಶಿ ಹಾಕಿದ್ದ ಮಳಿಗೆಯೊಂದರಿಂದ, ಇದ್ದದ್ದರಲ್ಲಿ ದಪ್ಪನೆಯದನ್ನು ಆರಿಸಿ ತಂದಳು. ಅದು ಫ್ಯಾಂಟಸಿ ಎಂಬುದು ಅವಳಿಗೆ ತಿಳಿದಿರಲಿಲ್ಲ. ದಪ್ಪಗಿದ್ದರೆ ಭಾಳ ದಿನ ಬರುತ್ತದೆ ಎಂಬುದಷ್ಟೇ ಲೆಕ್ಕ. ಪುಸ್ತಕದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದರ ಕೊನೆಯನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ. ಮುಂದೆ ಓದುವವರ ಸುಖ ಕೆಡಿಸುವುದು ಬೇಡ.

ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು ನಿಂತವಳಿಗೆ ಇನ್ನೊಂದು ಕೈಯಲ್ಲಿ ಆ ಪುಸ್ತಕ ಹಿಡಿಯಲಾಗಲಿಲ್ಲ. ಕಚೇರಿಯಲ್ಲಿ ಫೈಲುಗಳನ್ನು ಹೊಲಿದು ಕಟ್ಟುವ ದಫ್ತರಿಗೆ ಅದನ್ನು ಕೊಟ್ಟು ಮೂರು ಭಾಗ ಮಾಡು ಅಂದಳಂತೆ. ಅವನು "ಕಿತಾಬ್ ಕಾಟ್ನಾ ಗುನಾಹ್ ಹೈ ಅಮ್ಮಾ", ಪುಸ್ತಕ ಕತ್ತರಿಸುವುದು ಪಾಪ ಎಂದು ಗೊಣಗಿ, ಆಮೇಲೆ ಕತ್ತರಿಸಿ, ಮೂರಕ್ಕೂ ಫೈಲಿನ ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ ಕೊಟ್ಟ. ಮೊದಲನೆಯ ಮತ್ತು ಎರಡನೆಯ ಭಾಗಗಳು ಇಂದಿಗೂ ಅಕ್ಕನ ಮನೆಯಲ್ಲಿವೆ. ಭೂದಾಖಲೆಗಳ ಕಡತದಂತೆ ಕಾಣುತ್ತವೆ. ತೆರೆದರೆ ಒಳಗೆ ಗಾಳಿ ನಿಂತುಹೋದ ಒಂದು ಕಣಿವೆ.

ಕತೆ ಇಷ್ಟು. ಆ ಕಣಿವೆಯಲ್ಲಿ ಗಾಳಿ ಬೀಸುವುದಿಲ್ಲ. ತೂರಲು ಗಾಳಿಯಿಲ್ಲದೆ ಕಾಳು ಹೊಟ್ಟಿನೊಳಗೇ ಉಳಿದಿದೆ. ಗಾಳಿಯನ್ನು ಯಾರೋ ಬೆಟ್ಟದ ಗವಿಯೊಳಗೆ ಕೂಡಿಹಾಕಿದ್ದಾರೆ. ಬೆನ್ನ ಮೇಲೆ ತೊಗಲಿನ ಚೀಲದಲ್ಲಿ ಗಾಳಿ ಹೊತ್ತು ಮನೆಮನೆಗೆ ಹಂಚುತ್ತಿದ್ದ ಮುದುಕಿಯೊಬ್ಬಳು ಒಬ್ಬ ಹುಡುಗಿಯನ್ನು ಕರೆದುಕೊಂಡು ಅದನ್ನು ಬಿಡಿಸಿ ತರಲು ಹೊರಡುತ್ತಾಳೆ. ಅಲ್ಲಿಯವರು ಗಾಳಿಯನ್ನು ಕರೆಯುವುದು ಸೀಟಿ ಹೊಡೆದು. ಮುದುಕಿಯಷ್ಟು ಚೆನ್ನಾಗಿ ಸೀಟಿ ಹೊಡೆಯುವವರು ಕಣಿವೆಯಲ್ಲೇ ಇಲ್ಲ ಎಂದು ಎಲ್ಲರೂ ನಂಬಿದ್ದಾರೆ.

ಆ ವರ್ಷ ಅಕ್ಕನಿಗೆ ಜ್ವರ ಬಂದು, ಕೀಲು ಊದಿ, ಅದು ಹೃದಯಕ್ಕೆ ಇಳಿಯಬಹುದು ಎಂದು ಡಾಕ್ಟರು ಹೆದರಿಸಿದ್ದರು. ತಿಂಗಳುಗಟ್ಟಲೆ ಮಲಗಿಯೇ ಇರಬೇಕು, ಎದ್ದು ನಳದ ತನಕವೂ ಹೋಗಬಾರದು. ಅವಳಿಗೆ ಹನ್ನೆರಡು. ಅವಳ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಎಳೆದಿಟ್ಟಿದ್ದರು. ಸಂಜೆ ಅವ್ವ ರೊಟ್ಟಿ ಬಡಿಯುತ್ತ, ಅವತ್ತು ಬಸ್ಸಿನಲ್ಲಿ ಓದಿದ್ದನ್ನು ಹೇಳುತ್ತಿದ್ದಳು. ಕತೆಯಲ್ಲಿ ಅಪಾಯ ಬಂದಾಗ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಓದಿ ಮುಗಿದ ಭಾಗ ಅಕ್ಕನ ದಿಂಬಿನ ಕೆಳಗೆ ಬರುತ್ತಿತ್ತು, ಅವಳು ಅದನ್ನು ತಾನೇ ಇನ್ನೊಮ್ಮೆ ಓದುತ್ತಿದ್ದಳು. ನನಗೆ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಅವ್ವನ ಕತೆ ಮಾತ್ರ, ಅದರಲ್ಲಿ ಕಣಿವೆಯ ಮಂದಿಯೆಲ್ಲ ನಮ್ಮ ರಾಯಚೂರಿನ ಕಡೆಯ ಮಾತೇ ಆಡುತ್ತಿದ್ದರು. ಗವಿ ಕಾಯುವ ರಾಕ್ಷಸನೂ "ಯಾರ್ರಿ ನೀವು, ಏನ್ ಕೆಲಸ ಇತ್ರಿ?" ಎಂದೇ ಕೇಳುತ್ತಿದ್ದ.

ಅಪ್ಪ ಶಿಫ್ಟು ಮುಗಿಸಿ ಬಂದವನು ಬಾಗಿಲಲ್ಲೇ ಶುರು ಮಾಡುತ್ತಿದ್ದ.

"ಇನ್ನೂ ಗಾಳಿ ನಿಂತಽ ಐತೇನು? ಕರೆಂಟ್ ಹೋಗಿರಬೇಕು. ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚು ಅನ್ನು ಆ ಮುದುಕಿಗೆ."

"ನಿಮ್ಮ ಫ್ಯಾಕ್ಟರಿಯವರು ಮಾಡಿದ ಫೋನಾಗಿದ್ರ ಹತ್ತೂದಿಲ್ಲರಿ," ಅನ್ನುತ್ತಿದ್ದಳು ಅವ್ವ. "ಮುದುಕಿ ನಡಕೊಂಡಽ ಹೊಂಟಾಳ."

ಎರಡನೆಯ ಭಾಗ ಮುಗಿಯುವ ಹೊತ್ತಿಗೆ ಮುದುಕಿ ಮತ್ತು ಹುಡುಗಿ ಗವಿಯ ಬಾಯಿಗೆ ಬಂದಿದ್ದರು. ಒಳಗೆ ಹೋದವರಲ್ಲಿ ಒಬ್ಬರು ಹೊರಗೆ ಬರುವುದಿಲ್ಲ ಎಂಬ ಮಾತೊಂದು ಅಲ್ಲಿ ಬರುತ್ತದೆ. ಅದನ್ನು ಕೇಳಿದ ಅಕ್ಕ, "ಮುದುಕಿ ಹೊಳ್ಳಿ ಬರಲಿಲ್ಲ ಅಂದ್ರ ನಾನೂ ಏಳಂಗಿಲ್ಲ ನೋಡು" ಎಂದಳು. ಅವ್ವ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕುವುದನ್ನೇ ಮರೆತು ಕೂತಳು.

ಇದು ನನ್ನ ನೆನಪು. ಅಕ್ಕ ಖಡಾಖಂಡಿತ ಇಲ್ಲ ಅನ್ನುತ್ತಾಳೆ. "ಅಂಥಾ ಸಿನಿಮಾ ಡೈಲಾಗ್ ನಾ ಯಾಕ ಹೊಡೀಲಿ? ನೀನಽ ಆಮ್ಯಾಲೆ ಸೇರಿಸೀದಿ." ಇರಬಹುದು. ನನ್ನ ಹತ್ತಿರ ಬೇರೆ ಪುರಾವೆಯಿಲ್ಲ.

ಆಮೇಲೆ ಮೂರನೆಯ ಭಾಗ ಬಸ್ಸಿನಲ್ಲಿ ಹೋಯಿತು. ಅಕ್ಕ ಅಳುವ ಮೊದಲೇ ಅವ್ವ, "ಓದಿ ಮುಗಿಸೀನಿ, ಅಳಬ್ಯಾಡ, ಹೇಳ್ತೀನಿ" ಅಂದಳಂತೆ. ಆ ವಾರವೆಲ್ಲ ಕೊನೆಯ ಭಾಗವನ್ನು ಹೇಳಿದಳು. ಗಾಳಿ ಬಿಡುಗಡೆಯಾಯಿತು. ಹುಡುಗಿ ಒಬ್ಬಳೇ ಬೆಟ್ಟ ಇಳಿದು ಬಂದಳು. ಮಂದಿ ಮುದುಕಿ ಸತ್ತಳೆಂದು ಅತ್ತರು. ಕೆಲವು ದಿನಗಳ ಮೇಲೆ, ಎಲ್ಲರೂ ಕಣದಲ್ಲಿ ಕಾಳು ತೂರುತ್ತಿದ್ದಾಗ, ಮುದುಕಿ ಖಾಲಿ ಚೀಲವನ್ನು ಮಡಚಿ ತಲೆಯ ಮೇಲಿಟ್ಟುಕೊಂಡು ಬಂದು ಹುಡುಗಿಯ ಮನೆಯ ಹೊಸ್ತಿಲ ಮೇಲೆ ಕೂತಳು. "ರೊಟ್ಟಿ ಐತೇನು? ಬಿಸೇದು ಇದ್ರ ಕೊಡು, ಆರಿದ್ದು ಒಲ್ಲೆ," ಅಂದಳು.

ಅಕ್ಕ ನಕ್ಕಳು. ಇದನ್ನು ಅವಳೂ ಒಪ್ಪುತ್ತಾಳೆ.

ಅಕ್ಕ ಎದ್ದು ಓಡಾಡಿದ್ದು ಬಹಳ ತಿಂಗಳ ನಂತರ, ಮತ್ತು ಅದಕ್ಕೆ ಕಾರಣ ತಪ್ಪದೆ ಚುಚ್ಚಿಸಿಕೊಂಡ ಸೂಜಿಗಳು. ಪುಸ್ತಕ ಬದುಕನ್ನು ಬದಲಿಸುತ್ತದೆ ಎಂದು ಯಾರಾದರೂ ಅಂದರೆ ನಾನು ಈ ಸೂಜಿಗಳನ್ನು ನೆನೆಯುತ್ತೇನೆ. ಆದರೆ ಅಕ್ಕ ಹಾಗೆ ನೆನೆಯುವುದಿಲ್ಲ. ಅಂದಿನಿಂದ ಅವಳು ಓದಿದ್ದೆಲ್ಲ ಇಂಥವೇ ಪುಸ್ತಕಗಳು: ಮಾತಾಡುವ ನದಿಗಳು, ನೆರಳು ಮಾರುವ ಸಂತೆಗಳು, ನಕ್ಷೆಯಿಂದ ಹೊರಗೆ ಬೆಳೆಯುವ ಊರುಗಳು. ಈಗ ಸಿಕಂದರಾಬಾದಿನಲ್ಲಿ ಒಂದು ಬ್ಯಾಂಕಿನ ಅಧಿಕಾರಿ. ಊಟದ ಹೊತ್ತಿನಲ್ಲಿ ಟಿಫಿನ್ ಡಬ್ಬಿಗೆ ಪುಸ್ತಕ ಆನಿಸಿಟ್ಟು ಓದುತ್ತಾಳೆ. "ಇಂಕಾ ಪಿಲ್ಲಲ ಪುಸ್ತಕಾಲೇನಾ ಮೇಡಂ?", ಇನ್ನೂ ಮಕ್ಕಳ ಪುಸ್ತಕವೇ ಎಂದು ಸಹೋದ್ಯೋಗಿಗಳು ತೆಲುಗಿನಲ್ಲಿ ಕೆಣಕಿದರೆ, ನಿಮ್ಮ ಸಾಲದ ಅರ್ಜಿಗಳಿಗಿಂತ ಇದರಲ್ಲಿ ಸುಳ್ಳು ಕಡಿಮೆ ಎಂದು ಅವರದೇ ಭಾಷೆಯಲ್ಲಿ ಉತ್ತರಿಸುತ್ತಾಳಂತೆ. ಯಾವ ಪುಸ್ತಕ ಹಿಡಿದರೂ ಹೋದವರು ಯಾರಾದರೂ ಹೊಳ್ಳಿ ಬರುತ್ತಾರೆ ಎಂಬ ನೆಚ್ಚಿಕೆಯಿಂದಲೇ ಓದುತ್ತೇನೆ ಎಂದು ಒಮ್ಮೆ ನನಗೆ ಹೇಳಿದ್ದಳು.

ನಾನೂ ಅವನ್ನು ಓದುತ್ತೇನೆ. ಇತಿಹಾಸದ ಪುಸ್ತಕಗಳ ಹಿಂದೆ ನನ್ನ ಕಪಾಟಿನಲ್ಲಿ ಎರಡನೆಯ ಸಾಲೊಂದಿದೆ. ನನಗೆ ಅಂಟಿದ್ದು ಬೇರೆ ಚಟ: ಯಾವ ಪುಸ್ತಕವಾದರೂ ಮೊದಲು ಕೊನೆಯ ಪುಟ ಓದುತ್ತೇನೆ. ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಪುಸ್ತಕದ ಇಡೀ ಪ್ರತಿಯೊಂದು ಕಣ್ಣಿಗೆ ಬಿತ್ತು. ನಿಂತಲ್ಲೇ ಕೊನೆಯ ಪುಟ ತೆರೆದೆ. ಹುಡುಗಿ ಒಬ್ಬಳೇ ಬೆಟ್ಟ ಇಳಿಯುತ್ತಿದ್ದಾಳೆ, ಬೆನ್ನಿಗೆ ಗಾಳಿ, ಅವಳು ತಿರುಗಿ ನೋಡುವುದಿಲ್ಲ. ಅಲ್ಲಿಗೆ ಮುಗಿಯಿತು. ಮುದುಕಿ ಇಲ್ಲ, ಹೊಸ್ತಿಲು ಇಲ್ಲ, ರೊಟ್ಟಿಯಂತೂ ಇಲ್ಲವೇ ಇಲ್ಲ. ಅದರ ಹಿಂದಿನ ಪುಟವನ್ನೂ ತಿರುವದೆ ಪುಸ್ತಕವನ್ನು ಸ್ವಸ್ಥಾನದಲ್ಲಿಟ್ಟೆ. ಪರೀಕ್ಷೆ ಹತ್ತಿರವಿತ್ತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ.

ಈ ವರ್ಷದ ಜನವರಿಯಲ್ಲಿ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಪ್ಪ ಹೋದ ಮೇಲೆ ಅವ್ವ ಅಲ್ಲೇ ಇದ್ದಾಳೆ. ಊಟ ಮುಗಿಸಿ ಹಸಿ ಬಟಾಣಿ ಸುಲಿಯುತ್ತ ಕೂತಿದ್ದೆವು.

"ಈ ಸಲ ಎಕ್ಸಿಬಿಷನ್ನಿನ್ಯಾಗ ಹುಡುಕತೀನಿ," ಅಂದಳು ಅಕ್ಕ. "ಆ ಪುಸ್ತಕದ ಕೊನೀ ಭಾಗ ನನ್ನ ಕಣ್ಣಿಂದ ಓದಬೇಕು. ಮುದುಕಿ ರೊಟ್ಟಿ ಕೇಳೂದು ಇಂಗ್ಲಿಷಿನ್ಯಾಗ ಹೆಂಗೈತೋ ಏನೋ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಇಲ್ಲ ಅದರಾಗ. ಮುದುಕಿ ಬರೂದಽ ಇಲ್ಲ. ನಾ ಕೊನೀ ಪುಟ ನೋಡೀನಿ."

ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಅವ್ವನದು. "ಅವ್ವಾ?"

ಅವ್ವ ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಿದ್ದಳು. "ಬಸ್ಸಿನ್ಯಾಗ ಹೋತು ಅದು. ಈಗೇನು ಅದರ ಮಾತು?"

"ಓದಿದ ಮ್ಯಾಲೆ ಹೋತೋ, ಓದೂಕಿಂತ ಮೊದಲು ಹೋತೋ?"

"ಓದೀನಿ ಅಂದಿದ್ನಲ್ಲ."

"ಓದಿದ್ರ ರೊಟ್ಟಿ ಎಲ್ಲಿಂದ ಬಂತು?"

"ಹೆಂಚಿನ ಮ್ಯಾಲಿಂದ," ಅಂದಳು ಅವ್ವ.

ನಾನು ನಕ್ಕೆ. ಅಕ್ಕ ನಗಲಿಲ್ಲ. ಬಟಾಣಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿ ಬಾಲ್ಕನಿಗೆ ಹೋದಳು. ನಾನು ಹಿಂದೆ ಹೋದೆ. ಯಾರೋ ಬರೆದ ಕತೆ ಹೇಗೆ ಮುಗಿದರೆ ಏನು, ನೀನು ನಂಬಿದ್ದರಿಂದ ಬೇರೆಯವರಿಗೇನೂ ನಷ್ಟವಿಲ್ಲ ಎಂದು ಏನೇನೋ ಅಂದೆ.

"ನಿನಗ ತಿಳಿಯೂದಿಲ್ಲ," ಅಂದಳು. "ಮುದುಕಿ ಸತ್ರ ಸಾಯ್ಲಿ, ಅದಕ್ಕಲ್ಲ. ಅವ್ವ ಓದಿ ಬದಲಿ ಮಾಡಿದ್ರ, ಅದು ನನಗಂತ ಮಾಡಿದ್ದು. ಅದು ಪುಸ್ತಕಕಿಂತ ದೊಡ್ಡದು. ಓದಲಾರದಽ ಕಳಕೊಂಡು, ಹುಡುಗಿ ಅಳ್ತಾಳಂತ ಬಾಯಿಗೆ ಬಂದದ್ದು ಹೇಳಿದ್ರ, ಅದು ಬರೇ ಹೊತ್ತು ಕಳೆಯೂ ಮಾತು. ನಾ ಇಷ್ಟು ವರ್ಷ ಅದರ ಮ್ಯಾಲೆ ನಿಂತೀನಿ. ಯಾವುದು ಅಂತ ನನಗ ಗೊತ್ತಾಗಬೇಕು."

"ಅವ್ವನ್ನ ಕೇಳು."

"ಆಕಿ ಹೇಳ್ತಾಳೇನು?"

ಹೇಳುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಪ್ರಶ್ನೆ ಹೆಚ್ಚಾದಷ್ಟೂ ಅವ್ವ ಉತ್ತರ ಕಡಿಮೆ ಮಾಡುತ್ತಾಳೆ, ಟೈಪ್ ಮಾಡುವಾಗ ಯಾರಾದರೂ ಬೆನ್ನ ಹಿಂದೆ ನಿಂತರೆ ಕೈ ನಿಲ್ಲಿಸುತ್ತಿದ್ದಳಂತೆ, ಹಾಗೆ. ನಾವು ಒಳಗೆ ಬಂದು ಮತ್ತೆ ಬಟಾಣಿ ಸುಲಿದೆವು. ಟಿ.ವಿ.ಯಲ್ಲಿ ಏನೋ ನಡೆದಿತ್ತು. ಅಕ್ಕ ಚಹಾ ಇಡಲು ಒಳಗೆ ಹೋದಾಗ ಅವ್ವ ಯಾರಿಗೂ ಅಲ್ಲದಂತೆ ಅಂದಳು:

"ಪಾಪ. ಆಕಿಗೆ ಸೀಟಿ ಹೊಡಿಯಾಕಽ ಬರ್ತಿದ್ದಿಲ್ಲ."

"ಯಾರಿಗೆ?"

"ಮತ್ತ್ಯಾರಿಗೆ, ಮುದುಕಿಗೆ."

ನಾನು ತಿದ್ದಿದೆ. ಊರಿಗೇ ಚೆನ್ನಾಗಿ ಸೀಟಿ ಹೊಡೆಯುವವಳು ಅವಳು, ನೀನೇ ಹೇಳಿದ್ದೆ ಎಂದೆ. ವಯಸ್ಸಾಗಿದೆ, ಕತೆ ಕಲಸಿಹೋಗಿದೆ ಎಂದುಕೊಂಡೆ. ಅವ್ವ ಬಟಾಣಿಯ ಬೋಗುಣಿ ಎತ್ತಿಕೊಂಡು ಎದ್ದಳು.

ಮಾತು ತಲೆಯಲ್ಲಿ ಉಳಿಯಿತು. ಅವತ್ತೇ ಅಕ್ಕನ ಕಪಾಟಿನಿಂದ ಮೊದಲೆರಡು ಭಾಗಗಳನ್ನು ತಂದು ಓದಿದೆ. ಎರಡರಲ್ಲೂ ಮುದುಕಿಯ ಸೀಟಿಯ ಹೊಗಳಿಕೆಯೇ. ಬರುವುದಿಲ್ಲ ಎಂಬ ಸುಳಿವು ಎಲ್ಲಿಯೂ ಇಲ್ಲ. ಹಾಗಿದ್ದರೆ ಅವ್ವ ಮರೆತು ಹೇಳಿರಬೇಕು, ಇಲ್ಲವೇ ಮೂರನೆಯ ಭಾಗದಲ್ಲಿ ಓದಿರಬೇಕು. ಅಕ್ಕ ಅದನ್ನು ಓದಿಲ್ಲ. ನಾನು ನೋಡಿದ್ದು ಒಂದೇ ಪುಟ. ಅವ್ವನಿಗೆ ಬೇರೆ ಯಾರೂ ಹೇಳಿರುವ ಸಂಭವವಿಲ್ಲ. ಅಪ್ಪನಿಗೆ ಆ ಪುಸ್ತಕದ ಹೆಸರೂ ಗೊತ್ತಿರಲಿಲ್ಲ.

ಎಕ್ಸಿಬಿಷನ್ನಿನಲ್ಲಿ ಪುಸ್ತಕ ಸಿಗಲಿಲ್ಲ. ಭಾನುವಾರ ಹಳೆಯ ಪುಸ್ತಕಗಳನ್ನು ಹರಡುವ ಅಬಿಡ್ಸಿನ ಫುಟ್‌ಪಾತಿನಲ್ಲಿ ಕೆಲವು ವಾರ ಹುಡುಕಿದೆ, ಅಲ್ಲೂ ಇರಲಿಲ್ಲ. ಕೊನೆಗೆ ಬೇರೆ ಊರಿನ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬ ಪಾರ್ಸೆಲ್ ಕಳಿಸಿದ. ಚಟದಂತೆ ಕೊನೆಯ ಪುಟವನ್ನೇ ತೆರೆದೆ. ಅದು ನಾನು ಗ್ರಂಥಾಲಯದಲ್ಲಿ ಓದಿದಂತೆಯೇ ಇತ್ತು. ನನ್ನ ನೆನಪು ಅಷ್ಟರ ಮಟ್ಟಿಗಾದರೂ ಸರಿ. ಆಮೇಲೆ ಹಿಂದಕ್ಕೆ ತಿರುವಿದೆ.

ಅವ್ವ ಬಸ್ಸಿನಲ್ಲಿ ಪುಸ್ತಕ ಬಿಟ್ಟಳೋ, ಅಕ್ಕನ ಕೈಗೆ ಸಿಗದಿರಲಿ ಎಂದು ಬೇರೆಲ್ಲಾದರೂ ಬಿಟ್ಟಳೋ, ಅದು ನನಗೆ ಈಗಲೂ ಗೊತ್ತಿಲ್ಲ. "ನಾನೂ ಏಳಂಗಿಲ್ಲ" ಎಂಬ ಮಾತನ್ನು ಅಕ್ಕ ಆಡಿದ್ದಳೋ ಇಲ್ಲವೋ, ಅದೂ ಗೊತ್ತಿಲ್ಲ. ಅಕ್ಕನಿಗೆ ಫೋನು ಹಚ್ಚಿ ನಾನು ಓದಿ ಹೇಳಿದ್ದು ಒಂದು ಪುಟವನ್ನು ಮಾತ್ರ. ಕೊನೆಯ ಪುಟಕ್ಕಿಂತ ಎರಡು ಹಾಳೆ ಹಿಂದೆ, ಗವಿಯ ಬಾಯಿಯಲ್ಲಿ, ಮುದುಕಿ ಹುಡುಗಿಯನ್ನು ಹೊರಗೆ ಕಳಿಸಿ ತಾನು ಒಳಗೇ ಉಳಿಯುವ ಪುಟ ಅದು. ಯಾಕೆ ಉಳಿದಳು ಎಂಬುದೂ ಅಲ್ಲೇ ಇದೆ: ಒಬ್ಬರು ಒಳಗೇ ಉಳಿಯಬೇಕು, ಇನ್ನೊಬ್ಬರು ಹೊರಗೆ ನಿಂತು ಗಾಳಿಯನ್ನು ಕರೆಯಬೇಕು, ಮುದುಕಿಗೆ ಸೀಟಿ ಹೊಡೆಯಲು ಬರುತ್ತಿರಲಿಲ್ಲ.