ದೊರೆ ಅಳುತ್ತಿದ್ದ ದಿನಗಳು

ಅವ್ವ ತೀರಿಕೊಂಡ ಹದಿನೈದನೆಯ ದಿನ ಅವಳ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ತಳದಲ್ಲಿ ಅಪ್ಪ ಹೆಗಲಿಗೆ ಹಾಕುತ್ತಿದ್ದ ವಲ್ಲಿ ಇತ್ತು. ಕೊಡವಿದಾಗ ಮಡಿಕೆಯೊಳಗಿಂದ ಬೆರಳುದ್ದದ ಎರಡು ಗುಲಾಬಿ ಕಾಗದದ ಪಟ್ಟಿಗಳು ಬಿದ್ದವು. ನೀವಾಗಿದ್ದರೆ ಕಸವೆಂದು ಗುಡಿಸಿಬಿಡುತ್ತಿದ್ದಿರಿ, ತಪ್ಪೇನಿಲ್ಲ. ನಾನು ಮಾತ್ರ ಟ್ರಂಕಿನ ಅಂಚು ಹಿಡಿದುಕೊಂಡು ನೆಲಕ್ಕೆ ಕೂತೆ. ಅವನ್ನು ಅವ್ವ ಅಂದೇ ಒಲೆಗೆ ಹಾಕಿದಳೆಂದು ಇಷ್ಟು ವರ್ಷ ನಂಬಿದ್ದೆ.

ಐವತ್ತರ ದಶಕದ ಮಾತು. ನಾವಾಗ ಗುಂಡ್ಲುಪೇಟೆಯಲ್ಲಿದ್ದೆವು. ಅಪ್ಪ ಕಾಡಿನ ಇಲಾಖೆಯಲ್ಲಿ ಗುಮಾಸ್ತ. ಊಟಿ ಕಡೆಯ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ ಬಿಳಿ ದೊರೆಯೊಬ್ಬ ಬಂಡೀಪುರದಲ್ಲಿ ಅಪ್ಪನ ಕೈಗೆ ಒಂದು ನಾಯಿ ಕೊಟ್ಟು ಹೋದ. ಚಪ್ಪಟೆ ಮುಖ, ಸುಕ್ಕು ಹಣೆ, ಹೊರಗೆ ಉಬ್ಬಿದ ಕಣ್ಣು. ಮಲಗಿದರೆ ಮನುಷ್ಯರ ಗೊರಕೆ. "ಗುಮಾಸ್ತ್ರೇ, ಇದರ ಮೂಗ ಊಟೀಲೇ ಬುಟ್ಬಂದ್ರಾ?" ಎಂದು ಬೀದಿಯವರು ನಗುತ್ತಿದ್ದರು. ಅಪ್ಪ ಅದಕ್ಕೆ ದೊರೆ ಎಂದೇ ಹೆಸರಿಟ್ಟ. ಕಚೇರಿಯಲ್ಲಿ ದಿನವೆಲ್ಲ ಕೈಕಟ್ಟಿ ನಿಲ್ಲುತ್ತಿದ್ದವನಿಗೆ, ಸಂಜೆ ಜಗಲಿಯಲ್ಲಿ ಕೂತು "ಲೋ ದೊರೆ, ಬಾರ್ಲಾ ಇಲ್ಲಿ" ಎಂದು ಕೂಗುವುದರಲ್ಲಿ ಏನೋ ಸುಖವಿತ್ತು.

ಅಪ್ಪ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟ. ನನಗಾಗ ಹದಿನಾರು. ಅಳು ಬರಲಿಲ್ಲ. ಬಂದವರಿಗೆ ಚಾಪೆ ಹಾಸುತ್ತ, ಚೊಂಬಿನಲ್ಲಿ ನೀರು ಕೊಡುತ್ತ, ಯಾರದೋ ಮನೆಯ ಕೆಲಸಕ್ಕೆ ಬಂದವಳಂತೆ ಓಡಾಡಿದೆ. ದೊರೆಯ ಕಣ್ಣಲ್ಲಿ ಮಾತ್ರ ಹತ್ತು ದಿನದೊಳಗೆ ಪಿಸುರು ಕಟ್ಟಿ, ಕೆನ್ನೆಯ ಸುಕ್ಕಿನಲ್ಲಿ ಇಳಿಯತೊಡಗಿತು. ಅಪ್ಪನ ಅಕ್ಕ, ತೆರಕಣಾಂಬಿಯ ಅತ್ತೆ, ಅದನ್ನು ಕಂಡವಳೇ ಎದೆ ಬಡಿದುಕೊಂಡಳು.

"ನೋಡ್ರವ್ವಾ, ಮೂಕ್ ಪ್ರಾಣಿ ಎಂಗ್ ಅಳ್ತಾ ಅದೆ! ಒರೆಸ್ಬ್ಯಾಡಿ ಕಣ್ರವ್ವಾ. ಅತ್ಕಳ್ಳಿ, ಸಂಕ್ಟ ಈಚ್ಗೆ ಓಗ್ಲಿ."

ನಾವು ಒರೆಸಲಿಲ್ಲ. ಬೀದಿಯ ಹೆಂಗಸರು ಬಂದು ನೋಡಿದರು. ಅದರ ಹಣೆಗೆ ವಿಭೂತಿ ಬಳಿದು ಕೈಮುಗಿದರು. ಒಂದು ದಿನ ಅವ್ವ ನನ್ನನ್ನೇ ನೋಡುತ್ತ, "ನಾಯ್ಗಿರೋ ಕರ್ಳು ನಿಂಗಿಲ್ವಲ್ಲ ಕಣಮ್ಮಿ" ಎಂದಳು. ಬೈಯುವ ದನಿಯಲ್ಲ, ಮೆಲ್ಲಗೇ ಅಂದಳು. ಅದಕ್ಕೇ ನಾನೂ ನಂಬಿದೆ.

ಒಂದೂವರೆ ತಿಂಗಳ ಮೇಲೆ ದೊರೆ ಅಂಗಳದ ಒರಳಿಗೆ ಹೋಗಿ ಗುದ್ದಿಕೊಂಡಿತು. ಮರುದಿನ ಬಾಗಿಲಿನ ಚೌಕಟ್ಟಿಗೆ. ಹಿಡಿದು ನೋಡಿದರೆ ಎಡಗಣ್ಣಿನ ಮೇಲೆ ಹೊಗೆ ಹಿಡಿದ ಲಾಂದ್ರದ ಗಾಜಿನಂಥ ಕಂದು ಪೊರೆ. ಅಪ್ಪ ಮಡಿಲಲ್ಲಿ ಕೂರಿಸಿಕೊಂಡಿದ್ದ ಜೀವ ಕಣ್ಣೆದುರೇ ಕುರುಡಾಗುತ್ತಿತ್ತು, ನಾವು ಕೈಮುಗಿಯುತ್ತಿದ್ದೆವು. "ಅತ್ತೂ ಅತ್ತೂ ಕಣ್ಣೋಯ್ತು" ಎಂದ ಅತ್ತೆಯನ್ನೇ ಎಬ್ಬಿಸಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ಕಂಡಕ್ಟರು ಬಗ್ಗಿ ನೋಡಿ, "ಇದ್ಯಾನವ್ವಾ, ಕೋತಿಯಾ ನಾಯಿಯಾ?" ಎಂದ. "ನಿನ್ ಮೊಕಕ್ಕಿಂತ ವಾಸಿ, ಬುಡ್ಲಾ" ಎಂದಳು ಅತ್ತೆ.

ದನದ ಆಸ್ಪತ್ರೆಯ ಡಾಕ್ಟರು ಮೊದಲು ನೋಡಿದ್ದು ಹಣೆಯನ್ನು.

"ಈ ಬೂದಿ ಯಾರಮ್ಮ ಹಚ್ಚಿದ್ದು? ಎಲ್ಲ ಕಣ್ಣೊಳಗೆ ಇಳಿದಿದೆ."

ಅತ್ತೆ ನನ್ನ ಬೆನ್ನ ಹಿಂದೆ ಸರಿದಳು. ಅವರು ಹತ್ತಿಯಿಂದ ಪಿಸುರು ತೆಗೆದರು. ಮೇಜಿನ ಮೇಲಿದ್ದ ಶಾಯಿ ಹೀರುವ ಹೊಸ ಗುಲಾಬಿ ಬ್ಲಾಟಿಂಗ್ ಪೇಪರಿನಿಂದ ಸಣ್ಣ ಪಟ್ಟಿ ಕತ್ತರಿಸಿ, ತುದಿ ಮಡಚಿ, ದೊರೆಯ ಬಲಗಣ್ಣಿನ ಕೆಳರೆಪ್ಪೆಯೊಳಗೆ ಸಿಕ್ಕಿಸಿ, ಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷ. ಕಾಗದ ನೆನೆಯಲೇ ಇಲ್ಲ. ನೀರು ಎಲ್ಲಿಯವರೆಗೆ ಏರಿತೆಂಬ ಗುರುತಿಗೆ ಮಡಿಕೆಯ ಹತ್ತಿರವೇ ಪೆನ್ಸಿಲಿನಿಂದ ಗೀಟೆಳೆದರು.

"ಈ ಕಣ್ಣಲ್ಲಿ ನೀರೇ ಇಲ್ಲ."

"ಎಲ್ಲಾದ್ರೂ ಉಂಟಾ ಸ್ವಾಮಿ! ಒಂದೂವರೆ ತಿಂಗ್ಳಿಂದ ಅಳ್ತಾ ಅದೆ!" ಅತ್ತೆ ಕಿರುಚಿದಳು.

"ಅಳ್ತಾ ಇಲ್ಲಮ್ಮ. ಮುಖ ಚಪ್ಪಟೆ, ಕಣ್ಣು ಉಬ್ಬಿದೆ, ರೆಪ್ಪೆ ಪೂರ್ತಿ ಮುಚ್ಚಲ್ಲ. ಮೇಲೆ ನೀರೂ ಬತ್ತಿದೆ. ಒಣಗಿದ ಕಣ್ಣು ಹೀಗೆ ಪಿಸುರು ಕಟ್ಟುತ್ತೆ. ಎಷ್ಟು ಉರೀತಿದೆಯೋ ಪಾಪ."

"ನಿಮ್ ಕಾಗ್ದಾನೇ ಕೆಟ್ಟೋಗ್ಯದೆ ಬುಡಿ."

ಡಾಕ್ಟರು ನಕ್ಕು, ಅದೇ ಹಾಳೆಯಿಂದ ಇನ್ನೊಂದು ಪಟ್ಟಿ ಕತ್ತರಿಸಿದರು. "ಹಾಗಾದರೆ ಈ ಹುಡುಗಿ ಕಣ್ಣಲ್ಲಿ ನೋಡೋಣ."

ಚುಚ್ಚಿದಂತಾಯಿತು, ಅಷ್ಟೇ. ಅರ್ಧ ನಿಮಿಷವೂ ಆಗಿರಲಿಲ್ಲ, ಪಟ್ಟಿ ತುದಿಯವರೆಗೂ ನೆನೆದು ಜೋತುಬಿತ್ತು. "ಕಾಗದ ಚೆನ್ನಾಗಿದೆ" ಎಂದು ಎಳೆದುಕೊಂಡು ತುದಿಯಲ್ಲಿ ಗೀಟು ಹಾಕಿದರು. ಕಾಗದ ತೆಗೆದ ಮೇಲೂ ನೀರು ನಿಲ್ಲಲಿಲ್ಲ. ಕಾಗದವಿಡದ ಕಣ್ಣಿನಿಂದಲೂ ಬರುತ್ತಿತ್ತು. ದನಗಳ ವಾಸನೆಯ ಆ ಕೋಣೆಯಲ್ಲಿ "ಅಪ್ಪಾ" ಎಂದು ಯಾರೋ ಕೂಗಿದರು. ಅದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ದೊರೆಯ ಕಣ್ಣಿಗೆ ಯಾವ ಎಣ್ಣೆ ಬಿಡಬೇಕೆಂದು ಡಾಕ್ಟರು ಅತ್ತೆಗೆ ಹೇಳುತ್ತಿದ್ದರು.

ಮನೆಗೆ ಬಂದು ಎರಡೂ ಪಟ್ಟಿಗಳನ್ನು ಅವ್ವನ ಮಡಿಲಲ್ಲಿಟ್ಟೆ. ಇದು ದೊರೆಯದು, ಇದು ನನ್ನದು ಎಂದೆ, ನಡೆದದ್ದನ್ನು ಹೇಳಿದೆ. ಅವ್ವ ಆ ಗೀಟುಗಳನ್ನು ಬಹಳ ಹೊತ್ತು ನೋಡಿದಳು. "ಯಾವ ಎಣ್ಣೆ ಬುಡಿ ಅಂದ್ರು ಡಾಕ್ಟ್ರು?" ಎಂದಷ್ಟೇ ಕೇಳಿ, ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು.

ಎಡಗಣ್ಣು ಉಳಿಯಲಿಲ್ಲ. ಬಲಗಣ್ಣಿಗೆ, ದೊರೆ ಬದುಕಿರುವವರೆಗೂ, ದಿನಕ್ಕೆ ಆರು ಸಲ ಅವ್ವನೇ ಹರಳೆಣ್ಣೆ ಹನಿಸಿದಳು. ನನ್ನ ಕೈಗೆ ಒಮ್ಮೆಯೂ ಕೊಡಲಿಲ್ಲ. ನಾಯಿಯ ಕರುಳಿನ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಅವ್ವನನ್ನು ಮಣ್ಣಿಗಿಟ್ಟ ದಿನವೂ ನಾನು ಅಳಲಿಲ್ಲ. ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಕಲ್ಲಾಗಿ ಹುಟ್ಟಿದವಳು ನಾನು ಎಂದು ಮತ್ತೆ ಒಪ್ಪಿಕೊಂಡಿದ್ದೆ. ಈಗ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಡಿಕೆಯ ಬಳಿ ಗೀಟಿದ್ದ ದೊರೆಯ ಪಟ್ಟಿ ಕತ್ತರಿಸಿದಾಗ ಇದ್ದಂತೆಯೇ ಇತ್ತು. ತುದಿಯಲ್ಲಿ ಗೀಟಿದ್ದ ನನ್ನದರ ಮೇಲೆ ಮಾತ್ರ ಹರಳೆಣ್ಣೆಯ ಬೆರಳ ಗುರುತುಗಳಿದ್ದವು, ಒಂದರ ಮೇಲೊಂದು, ಎಷ್ಟೋ ಸಲ ಮುಟ್ಟಿದ ಹಾಗೆ.

ಟ್ರಂಕು ಮುಚ್ಚಲಿಲ್ಲ. ಅಪ್ಪನ ವಲ್ಲಿಯಲ್ಲೇ ಕಣ್ಣೊರೆಸಿಕೊಂಡೆ.