ಖಾಲಿ ಜಾಗ

ನಿಮ್ಮ ಅಂಗಳವನ್ನು ಕಡಲಿಗೆ ಬಿಟ್ಟುಕೊಟ್ಟವನು ನಾನು, ಲಲಿತಕ್ಕ. ಊರಿನವರು ಇಂದಿಗೂ ಮೇಲಿನ ಅಧಿಕಾರಿಗಳನ್ನು ಬೈಯುತ್ತಾರಂತೆ — ನನ್ನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲವಂತೆ.

ಕಡಲು ವರ್ಷ ವರ್ಷ ಒಳಗೆ ಬರುತ್ತಿತ್ತು. ತಡೆಗೋಡೆ ಎಲ್ಲಿಯವರೆಗೆ ಬೇಕೆಂದು ನೋಡಲು ಬಂದ ಎಂಜಿನಿಯರ್ ನಾನು. ನಂದಗುಡಿ ಕಡೆಯವನು, ರಾಗಿ ಬೆಳೆಯುವ ಮನೆಯವನು. ಬಂದದ್ದು ಮಳೆಗಾಲದಲ್ಲಿ. ದೋಣಿಗಳೆಲ್ಲ ದಡದ ಮೇಲಿದ್ದವು. ನೀವು ಹೆಂಗಸರು ಮೀನು ಒಣಗಿಸುವ ಮರಳಿನ ಅಂಗಳದಲ್ಲಿ ಒಂದು ಬುಟ್ಟಿಯೂ ಇರಲಿಲ್ಲ. ಪಹಣಿ ಯಾರ ಹೆಸರಿಗಿದೆ ಎಂದು ಕೇಳಿದೆ. ಪಕ್ಕದ ತೆಂಗಿನ ತೋಟಕ್ಕೆ ಇತ್ತು, ಅಂಗಳಕ್ಕೆ ಇರಲಿಲ್ಲ. ಖಾಲಿ ಜಾಗ ಎಂದುಬಿಟ್ಟೆ. ಗೋಡೆ ತೋಟದ ಅಂಚಿಗೇ ನಿಲ್ಲುವುದೆಂದಾಯಿತು.

ಅಷ್ಟೇ ಆಗಿದ್ದರೆ ತಿಳಿಯದೆ ಆದದ್ದು ಎನ್ನಬಹುದಿತ್ತು. ಆದರೆ ಚಳಿಗಾಲದಲ್ಲಿ, ಗೋಡೆಗೆ ಕಲ್ಲು ಬೀಳುವ ಮೊದಲೇ, ಮತ್ತೆ ಬಂದೆನಲ್ಲ — ಅಂಗಳದ ತುಂಬ ಮೀನು, ಕಾಲಿಡಲು ಜಾಗವಿಲ್ಲ. ಕಾಗೆ ಓಡಿಸುತ್ತ ಕುಳಿತಿದ್ದ ನೀವು ಕೇಳಿದಿರಿ:

"ನಮ್ಮ ಅಂಗಳವೂ ಗೋಡೆಯ ಒಳಗೆ ಬರ್ತದಲ್ಲ ಸರ್?"

"ಬರುತ್ತೆ ಬಿಡಿ ಅಕ್ಕಾ" ಎಂದೆ.

ತಿದ್ದಲು ಇನ್ನೂ ಕಾಲವಿತ್ತು. ಬೆಂಗಳೂರಿಗೆ ವರ್ಗಾವಣೆ ಕೈಗೆ ಬರುವುದರಲ್ಲಿತ್ತು. ತಪ್ಪು ಒಪ್ಪಿಕೊಂಡರೆ ಎಲ್ಲಿ ಅದು ಕೈತಪ್ಪುತ್ತದೋ ಎಂದು — ಛೆ, ಬರೆಯಲೂ ನಾಚಿಕೆ. ಗೋಡೆ ಎದ್ದ ಮೇಲೆ ಅದಕ್ಕೆ ಬಡಿದ ಅಲೆ ಅದರ ತುದಿಯಲ್ಲಿ ಹೊರಳಿ ನಿಮ್ಮ ಅಂಗಳವನ್ನೇ ಕೊರೆಯಿತು. ಈಗ ನೀವು ಬೇರೆಯವರ ಶೆಡ್ಡಿನಲ್ಲಿ ಮೀನು ಆರಿಸುವ ಕೂಲಿಗೆ ಹೋಗುತ್ತೀರಂತೆ.

ಈ ಬೇಸಿಗೆಯಲ್ಲಿ ನಮ್ಮೂರಿಗೂ ಯಾವುದೋ ಯೋಜನೆಗೆ ಜಮೀನು ನೋಡಲು ಬಂದಿದ್ದರು. ಊರೆಲ್ಲ ರಾಗಿ ಒಕ್ಕುವ ಕಣದ ಹತ್ತಿರ ನಿಂತು, ಇದು ಖಾಲಿ ಜಾಗ ತಾನೆ ಎಂದರು. ಕಣಕ್ಕೂ ಯಾರ ಹೆಸರಿನ ಪಹಣಿಯೂ ಇಲ್ಲ, ಲಲಿತಕ್ಕ. ಆದರೂ ಅದನ್ನು ಖಾಲಿ ಎಂದು ನಾವು ಯಾರೂ ಒಂದು ದಿನವೂ ಅಂದುಕೊಂಡವರಲ್ಲ. ನನ್ನಣ್ಣ ಕೆರಳಿದ.

"ಯಾವನಪ್ಪಾ ಖಾಲಿ ಅಂದೋನು? ಸುಗ್ಗೀಲಿ ಬಂದ್ ನೋಡು" ಎಂದವನೇ ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳೋ. ಎಂಜಿನಿಯರ್ ಅಲ್ವೇನೋ ನೀನು?"

ನಾನು ಅಲ್ಲಿಂದ ಮನೆ ಕಡೆ ನಡೆದುಬಿಟ್ಟೆ. ಅಣ್ಣ ಇನ್ನೂ ನನ್ನ ಮೇಲೆ ಮುನಿದಿದ್ದಾನೆ. ಕಾರಣ ಅವನಿಗೂ ಹೇಳಿಲ್ಲ.

ಗೋಡೆ ಮುಂದುವರಿಸುವ ಬಗ್ಗೆ ನಿಮ್ಮೂರಲ್ಲಿ ಸಭೆ ಇದೆಯಂತೆ. ಬರುತ್ತೇನೆ. ಉಳಿದಿರುವ ದಡವನ್ನಾದರೂ ಖಾಲಿ ಎನ್ನಬೇಡಿ ಎಂದು ಕೇಳುತ್ತೇನೆ, ಹಾಗೆಂದವನು ನಾನೇ ಎಂದು ಎಲ್ಲರೆದುರು ಹೇಳುತ್ತೇನೆ. ಹೋದ ಅಂಗಳ ಹೋಯಿತು, ಗೊತ್ತು. ಆಮೇಲೆ ನೀವು ನನ್ನನ್ನೇ ಬೈಯಿರಿ — ಇಷ್ಟು ವರ್ಷ ಬೇರೆಯವರನ್ನು ಬೈದದ್ದಾಯಿತು.